ಡಿಸ್ಕಿಗೆ ಸಾಗಿಸಿದರೆ ಬ್ಯಾಕಪ್ ಆಯಿತೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಹನ್ನೆರಡು ವರ್ಷಗಳ ಫೋಟೊ, ವಿಡಿಯೊ ಎಲ್ಲವನ್ನೂ, ಸುಮಾರು 400 ಜಿಬಿಯಷ್ಟು, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ ಲ್ಯಾಪ್‌ಟಾಪಿನಿಂದ ಅಳಿಸಿದ್ದೇನೆ. ಈಗ ಬರೆಯುತ್ತಿರುವ ನೆನಪುಗಳ ಪುಸ್ತಕದ ಅಧ್ಯಾಯಗಳು, ಕಾಗದಪತ್ರಗಳ ಸ್ಕ್ಯಾನ್‌ಗಳು ಒನ್‌ಡ್ರೈವ್‌ನಲ್ಲಿವೆ. ‘ಇದು ಬ್ಯಾಕಪ್ ಅಲ್ಲಮ್ಮ’ ಎಂದು ಮಗ ಹೇಳುತ್ತಲೇ ಇದ್ದಾನೆ. ಇಷ್ಟು ಸಾಲದೇ? ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಟ್ಟರೆ ಒಳ್ಳೆಯದೇ? ಪೆನ್ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಡಬಹುದೇ? ಡಿಸ್ಕಿಗೆ ಪಾಸ್‌ವರ್ಡ್ ಹಾಕಬೇಕೇ? ಇನ್ನೊಂದು ಮಾತು, ಕಳೆದ ವಾರದಿಂದ ಆ ಡಿಸ್ಕು ಆಗಾಗ ಟಿಕ್ ಟಿಕ್ ಎನ್ನುತ್ತಿದೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳು ಒಂದು ವಾರ ಕಾಯಬಲ್ಲವು, ಅದು ಕಾಯುವುದಿಲ್ಲ. ಆ ಡಿಸ್ಕನ್ನು ಈಗಲೇ ಕಳಚಿ ಪಕ್ಕಕ್ಕಿಡಿ. ಹೊಸ ಡಿಸ್ಕ್ ಕೈಗೆ ಬರುವವರೆಗೆ ‘ಇನ್ನೂ ಓಡುತ್ತಿದೆಯಾ ನೋಡೋಣ’ ಎಂದು ಸಿಕ್ಕಿಸಬೇಡಿ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ಡು ಅವುಗಳನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಾನು ತಟ್ಟೆಯ ಯಾವ ಜಾಗದ ಮೇಲಿದ್ದೇನೆ ಎಂದು ತಿಳಿಯುವ ಗುರುತುಗಳನ್ನು ಓದಲಾಗದಿದ್ದಾಗ ಹೆಡ್ಡು ಹಿಂದಕ್ಕೆ ಸರಿದು, ಮತ್ತೆ ಬಂದು, ಮತ್ತೆ ಹುಡುಕುತ್ತದೆ. ನೀವು ಕೇಳುತ್ತಿರುವುದು ಆ ಓಡಾಟದ ಸದ್ದು. ಹೆಡ್ಡು ಹಾಳಾಗಿ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಒಂದಷ್ಟು ಫೋಟೊ ಸವೆದು ಹೋಗುತ್ತಿರುತ್ತವೆ. ಕೆಲವೊಮ್ಮೆ ಕಾರಣ ಇಷ್ಟು ಘೋರವಾಗಿರುವುದಿಲ್ಲ. ಕೇಬಲ್ ಸಡಿಲವಾಗಿ ಡಿಸ್ಕಿಗೆ ವಿದ್ಯುತ್ ಸಾಲದಿದ್ದರೂ ಇದೇ ಸದ್ದು ಬರುತ್ತದೆ. ಹಾಗಾಗಿ ಹೊಸ ಡಿಸ್ಕ್ ಬಂದ ದಿನ ಬೇರೆ ಕೇಬಲ್ ಹಾಕಿ, ಯುಎಸ್‌ಬಿ ಹಬ್ ಇಲ್ಲದೆ ಲ್ಯಾಪ್‌ಟಾಪಿಗೇ ನೇರವಾಗಿ ಸಿಕ್ಕಿಸಿ. ಡಿಸ್ಕ್ ತೆರೆದುಕೊಂಡರೆ ಮೊದಲಿಂದ ಕೊನೆವರೆಗೆ ಒಟ್ಟಿಗೆ ಕಾಪಿ ಮಾಡಲು ಹೋಗಬೇಡಿ. ಬೇರೆಲ್ಲೂ ಇಲ್ಲದ, ಕಳೆದರೆ ಕಣ್ಣೀರು ಬರುವ ಫೋಲ್ಡರ್‌ಗಳನ್ನು ಮೊದಲು ಎತ್ತಿಕೊಳ್ಳಿ. ಡೌನ್‌ಲೋಡ್ ಮಾಡಿದ ಸಿನಿಮಾಗಳು ಕೊನೆಗೆ ಬರಲಿ, ಬರದಿದ್ದರೂ ಚಿಂತೆಯಿಲ್ಲ.

ಡಿಸ್ಕ್ ತೆರೆದುಕೊಳ್ಳದೆ ‘ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ?’ ಎಂದರೂ ಬೇಡ ಎನ್ನಿ. ಆ ರಿಪೇರಿ ಆರೋಗ್ಯವಾಗಿರುವ ಡಿಸ್ಕಿನ ಲೆಕ್ಕ ತಪ್ಪಿದಾಗ ಮಾಡುವಂಥದ್ದು. ಸಾಯುತ್ತಿರುವ ಡಿಸ್ಕಿಗೆ ಅದು ಕೊನೆಯ ಏಟು. ಫ್ರೀಜರಿನಲ್ಲಿಟ್ಟು ತೆಗೆದರೆ ಓಡುತ್ತದೆ ಎಂಬ ಹಳೆಯ ಸಲಹೆ ನಿಮ್ಮ ಕಿವಿಗೂ ಬೀಳಬಹುದು, ಅದನ್ನು ಅಲ್ಲಿಯೇ ಬಿಡಿ. ಒಳಗೆ ತೇವ ಕಟ್ಟಿದರೆ ತಟ್ಟೆಗಳ ಕತೆ ಮುಗಿಯಿತು. ಟಿಕ್ ಟಿಕ್ ನಿಲ್ಲದೆ, ಡಿಸ್ಕೂ ಕಾಣಿಸದೆ ಹೋದರೆ ಆಮೇಲೆ ಉಳಿಯುವ ದಾರಿ ಒಂದೇ, ಡಿಸ್ಕ್ ಬಿಚ್ಚಿ ಹೆಡ್ಡು ಬದಲಿಸುವ ಸೌಲಭ್ಯವಿರುವ ಡೇಟಾ ರಿಕವರಿ ಪ್ರಯೋಗಾಲಯ. ಅದು ದುಬಾರಿ, ಫಲ ಸಿಗುತ್ತದೆಂಬ ಖಾತರಿಯೂ ಇಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ನೀವು ಎಷ್ಟು ಕಡಿಮೆ ಸಲ ಚಾಲೂ ಮಾಡಿರುತ್ತೀರೋ ಅಷ್ಟು ಆಸೆ ಉಳಿದಿರುತ್ತದೆ.

ಇನ್ನು ನಿಮ್ಮ ಮಗನ ಮಾತು. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಬ್ಯಾಕಪ್ ಎಂದರೆ ಎರಡನೆಯ ಪ್ರತಿ. ಮೂಲವೂ ಇರಬೇಕು, ಅದರ ಜೊತೆಗೆ ಇನ್ನೊಂದು ಬೇರೆ ಕಡೆ ಇರಬೇಕು. ನೀವು ಫೋಟೊಗಳನ್ನು ಲ್ಯಾಪ್‌ಟಾಪಿನಿಂದ ಡಿಸ್ಕಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದ ಕ್ಷಣ ಪ್ರತಿಗಳ ಸಂಖ್ಯೆ ಎರಡರಿಂದ ಒಂದಕ್ಕೆ ಇಳಿಯಿತು. ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಸಾಮಾನು ಸಾಗಿಸಿದಂತೆ. ನನ್ನ ಬಳಿಗೆ ‘ಬ್ಯಾಕಪ್ ಡಿಸ್ಕ್ ಹಾಳಾಯಿತು’ ಎಂದು ಬರುವವರನ್ನು ನಾನು ಮೊದಲು ಕೇಳುವ ಪ್ರಶ್ನೆ, ‘ಮೂಲ ಎಲ್ಲಿದೆ?’ ಬ್ಯಾಕಪ್ ಡಿಸ್ಕ್ ಹಾಳಾದರೆ ಯಾರೂ ಅಳಬೇಕಿಲ್ಲ, ಇನ್ನೊಂದು ಡಿಸ್ಕ್ ತಂದು ಮೂಲದಿಂದ ಮತ್ತೆ ಕಾಪಿ ಮಾಡಿದರಾಯಿತು. ಅವರು ಅಳುತ್ತಿದ್ದಾರೆಂದರೆ ಅದು ಬ್ಯಾಕಪ್ ಆಗಿರಲೇ ಇಲ್ಲ. ಡಿಸ್ಕಿನ ಮೇಲೆ ‘ಬ್ಯಾಕಪ್’ ಎಂದು ಚೀಟಿ ಅಂಟಿಸಿದ್ದರಿಂದ ಹೀಗೆ ಮೋಸ ಹೋದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ನಿಮ್ಮ ಹೊಸ ಡಿಸ್ಕುಗಳ ಮೇಲೆ ದಯವಿಟ್ಟು ಆ ಪದ ಬರೆಯಬೇಡಿ. ‘ಫೋಟೊ ಮೂಲ’, ‘ಫೋಟೊ ಪ್ರತಿ’ ಎಂದು ಬರೆಯಿರಿ. ಯಾವುದು ಯಾವುದಕ್ಕೆ ಆಸರೆ ಎಂಬುದು ಆಗ ಮರೆಯುವುದಿಲ್ಲ.

ಒನ್‌ಡ್ರೈವ್‌ನ ವಿಷಯ ಸ್ವಲ್ಪ ಸೂಕ್ಷ್ಮ. ನಿಮ್ಮ ಅಧ್ಯಾಯಗಳು ಲ್ಯಾಪ್‌ಟಾಪಿನಲ್ಲೂ ಇವೆ, ಮೈಕ್ರೊಸಾಫ್ಟ್‌ನ ಸರ್ವರಿನಲ್ಲೂ, ಅಂದರೆ ಇಂಟರ್‌ನೆಟ್ಟಿನ ಆಚೆಗಿರುವ ಅವರ ಕಂಪ್ಯೂಟರಿನಲ್ಲೂ ಇವೆ; ಕ್ಲೌಡ್ ಎನ್ನುವುದು ಇದನ್ನೇ. ಹಾಗಾದರೆ ಎರಡು ಪ್ರತಿ ಆಯಿತಲ್ಲ? ಲೆಕ್ಕಕ್ಕೆ ಆಯಿತು. ಆದರೆ ಈ ಎರಡೂ ಒಂದರ ನೆರಳಿನಂತೆ ಇನ್ನೊಂದು ನಡೆಯುತ್ತವೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯೂ ಕೆಡುತ್ತದೆ. ಸಿಂಕ್ ಎಂದರೆ ಇದೇ. ಲ್ಯಾಪ್‌ಟಾಪ್ ಕಳೆದುಹೋದರೆ, ಸುಟ್ಟುಹೋದರೆ ಅದು ನಿಮ್ಮನ್ನು ಕಾಪಾಡುತ್ತದೆ. ನಿಮ್ಮದೇ ಕೈತಪ್ಪಿನಿಂದ ಕಾಪಾಡುವುದು ಅರ್ಧಂಬರ್ಧ.

ಒಂದು ಉದಾಹರಣೆ. ಏಳನೇ ಅಧ್ಯಾಯದ ಫೈಲನ್ನು ಮಾದರಿಗೆಂದು ತೆರೆದಿರಿ. ಇರುವುದನ್ನು ಅಳಿಸಿ ಅದರಲ್ಲಿಯೇ ಎಂಟನೆಯದನ್ನು ಬರೆದಿರಿ. ಹೊಸ ಹೆಸರಿನಲ್ಲಿ ಸೇವ್ ಮಾಡಬೇಕಿತ್ತು, ಅಭ್ಯಾಸಬಲದಿಂದ ಬರೀ ಸೇವ್ ಒತ್ತಿದಿರಿ. ಎರಡೇ ಸೆಕೆಂಡಿನಲ್ಲಿ ಏಳನೇ ಅಧ್ಯಾಯ ಕ್ಲೌಡಿನಲ್ಲೂ ಎಂಟನೆಯದಾಯಿತು. ಇದನ್ನು ಅಂದೇ ಗಮನಿಸಿದರೆ ಒನ್‌ಡ್ರೈವ್‌ನ ವರ್ಶನ್ ಹಿಸ್ಟರಿಯಿಂದ ಹಳೆಯದನ್ನು ಕರೆತರಬಹುದು. ವೈಯಕ್ತಿಕ ಖಾತೆಯಲ್ಲಿ ಒಂದು ಫೈಲಿನ ಕೊನೆಯ 25 ರೂಪಗಳು ಸಿಗುತ್ತವೆ. ಅಳಿಸಿದ ಫೈಲ್ ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ. ನಾಲ್ಕು ತಿಂಗಳ ನಂತರ ಪುಸ್ತಕವನ್ನು ಮೊದಲಿಂದ ಓದುವಾಗ ‘ಏಳನೆಯದು ಎಲ್ಲಿ ಹೋಯಿತು?’ ಎಂದು ಹುಡುಕಿದರೆ, ಅಷ್ಟರಲ್ಲಿ ಎಂಟನೆಯದನ್ನೇ ಐವತ್ತು ಸಲ ತಿದ್ದಿ ಸೇವ್ ಮಾಡಿರುತ್ತೀರಿ. ಮಿಂಚಿ ಹೋದ ಕಾಲ.

ಫೋನಿನಲ್ಲೂ ಇದೇ ಬಲೆ. ಗೂಗಲ್ ಫೋಟೋಸ್‌ನಲ್ಲಿ ಫೋಟೊಗಳು ಬ್ಯಾಕಪ್ ಆಗಿವೆಯಲ್ಲ ಎಂದು ಜಾಗ ಮಾಡಿಕೊಳ್ಳಲು ಅದೇ ಆ್ಯಪಿನಲ್ಲಿ ಡಿಲೀಟ್ ಒತ್ತಿದರೆ ಕ್ಲೌಡಿನಿಂದಲೂ ಹೋಗುತ್ತವೆ. ಬ್ಯಾಕಪ್ ಆಗಿದ್ದ ಫೋಟೊಗಳು ಕಸದಬುಟ್ಟಿಯಲ್ಲಿ 60 ದಿನ ಉಳಿದು ಮಾಯ. ಫೋನಿನಿಂದ ಮಾತ್ರ ತೆಗೆಯಲು ‘ಜಾಗ ಖಾಲಿ ಮಾಡು’ ಎಂಬ ಬೇರೆಯೇ ಆಯ್ಕೆ ಇದೆ. ಎರಡು ಬಟನ್, ಎರಡು ಅರ್ಥ. ಈ ಒಂದು ಗೊಂದಲಕ್ಕೆ ಮದುವೆ, ನಾಮಕರಣಗಳ ಆಲ್ಬಮ್ಮುಗಳೇ ಬಲಿಯಾಗಿವೆ.

ಒನ್‌ಡ್ರೈವ್ ಬಳಸುವವರು ತಿಳಿಯದೆ ಎಡವುವ ಇನ್ನೊಂದು ಕಲ್ಲು ಇದೆ. ಫೋಲ್ಡರ್ ತೆರೆದು ಫೈಲುಗಳ ಪಕ್ಕದ ಪುಟ್ಟ ಗುರುತನ್ನು ನೋಡಿ. ನೀಲಿ ಮೋಡ ಇದ್ದರೆ ಆ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ, ಅದರ ಹೆಸರು ಮಾತ್ರ ಇದೆ. ಕ್ಲಿಕ್ಕಿಸಿದಾಗ ಇಂಟರ್‌ನೆಟ್ಟಿನಿಂದ ಇಳಿದು ಬರುತ್ತದೆ. ಅಂದರೆ ಎರಡು ಪ್ರತಿ ಎಂದುಕೊಂಡದ್ದು ಇಲ್ಲೂ ಒಂದೇ. ಮುಖ್ಯ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಯಾವಾಗಲೂ ಈ ಸಾಧನದಲ್ಲಿ ಇಟ್ಟುಕೊ’ ಎಂಬ ಅರ್ಥದ ಆಯ್ಕೆಯನ್ನು ಒತ್ತಿ. ಗುರುತು ತುಂಬಿದ ಹಸಿರು ವೃತ್ತವಾದರೆ ಫೈಲು ನಿಜವಾಗಿಯೂ ಇಳಿದಿದೆ ಎಂದರ್ಥ.

ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಬೇಕೇ ಎಂಬ ಪ್ರಶ್ನೆಗೆ, ಒಂದೇ ಡಿಸ್ಕ್ ಇದ್ದರೆ ಬೇಡ. 2017ರ ಮೇ 12ರಂದು ವಾನಾಕ್ರೈ ಎಂಬ ರಾನ್ಸಮ್‌ವೇರ್ ಹಬ್ಬಿ ಸುಮಾರು 150 ದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಯಂತ್ರದೊಳಗಿನ ಫೈಲುಗಳಿಗೆ ನಿಲ್ಲಲಿಲ್ಲ. ಸಿಕ್ಕಿಸಿಟ್ಟಿದ್ದ ಡ್ರೈವ್‌ಗಳನ್ನೂ ಬಿಡಲಿಲ್ಲ, ವಿಂಡೋಸ್ ತನ್ನಷ್ಟಕ್ಕೆ ಉಳಿಸಿಕೊಂಡಿದ್ದ ಹಳೆಯ ಪ್ರತಿಗಳನ್ನೂ ಹುಡುಕಿ ಅಳಿಸಿತು. ಅಂದಹಾಗೆ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೊಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ ಕೊಟ್ಟಿತ್ತು. ಆದರೆ ಅಪ್‌ಡೇಟ್ ಹಾಕಿಕೊಂಡ ಮಾತ್ರಕ್ಕೆ ನಿಶ್ಚಿಂತೆ ಎನ್ನುವಂತಿಲ್ಲ. 2018ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನೇ ಅಳಿಸಿಹಾಕಿ, ಮೈಕ್ರೊಸಾಫ್ಟ್ ಅದನ್ನು ಕೆಲ ದಿನಗಳಲ್ಲೇ ತಡೆಹಿಡಿಯಬೇಕಾಯಿತು. ಕಳ್ಳನಿಂದಲೂ ಹೋಗಬಹುದು, ಕಾವಲುಗಾರನಿಂದಲೂ ಹೋಗಬಹುದು. ಸಿಡಿಲಿಗೆ, ವೋಲ್ಟೇಜ್ ಏರಿಳಿತಕ್ಕೆ ಲ್ಯಾಪ್‌ಟಾಪಿನ ಜೊತೆಗೇ ಡಿಸ್ಕೂ ಹೋಗುತ್ತದೆ. ಕಳಚಿ ಕಪಾಟಿನಲ್ಲಿಟ್ಟ ಡಿಸ್ಕನ್ನು ಯಾವ ವೈರಸ್ಸೂ ಮುಟ್ಟಲಾರದು.

ಈ ಎಲ್ಲ ಅನುಭವಗಳ ಭಟ್ಟಿ ಇಳಿಸಿದ ಒಂದು ಲೆಕ್ಕ ನಮ್ಮ ವೃತ್ತಿಯಲ್ಲಿದೆ: 3-2-1. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ. ಇದನ್ನು ಜನಪ್ರಿಯಗೊಳಿಸಿದವರು ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ. ಸಾವಿರಾರು ಫೋಟೊ ಕಳೆದುಕೊಳ್ಳುವ ಭಯ ಯಾರಿಗೆ ಹೆಚ್ಚೋ ಅವರೇ ಸೂತ್ರ ಕೊಟ್ಟದ್ದು ಸಹಜವೇ. ಮೂರು ಅಂಕಿಗಳಲ್ಲಿ ಜನ ಬಿಟ್ಟುಬಿಡುವುದು ಕೊನೆಯದನ್ನು. ಮೂರು ಡಿಸ್ಕ್ ಕೊಂಡು ಮೂರನ್ನೂ ಒಂದೇ ಡ್ರಾಯರಿನಲ್ಲಿ ಪೇರಿಸಿಟ್ಟವರಿದ್ದಾರೆ. ಬೆಂಕಿ, ನೀರು, ಕಳ್ಳ, ಈ ಮೂವರಿಗೂ ಡ್ರಾಯರಿನಲ್ಲಿ ಎಷ್ಟು ಡಿಸ್ಕಿವೆ ಎಂಬುದು ಮುಖ್ಯವಲ್ಲ.

ನಿಮ್ಮ ವಿಷಯಕ್ಕೆ ಇದನ್ನು ಇಳಿಸಿದರೆ ಹೀಗಾಗುತ್ತದೆ. ಲ್ಯಾಪ್‌ಟಾಪಿನಲ್ಲಿ 400 ಜಿಬಿಗೆ ಜಾಗವಿಲ್ಲ, ಸರಿ. 2 ಟಿಬಿಯ ಎರಡು ಹೊಸ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಆದರೆ ಎರಡು ಬೇರೆ ಕಂಪನಿಯವು, ಇಲ್ಲವೇ ಬೇರೆ ಬೇರೆ ಸಮಯದಲ್ಲಿ ಕೊಂಡವು. ಒಂದೇ ಕಂತಿನಲ್ಲಿ ತಯಾರಾದವು ಒಂದೇ ದೋಷ ಹೊತ್ತು ಬಂದಿದ್ದರೆ ಒಟ್ಟೊಟ್ಟಿಗೆ ಕೈಕೊಡಬಹುದು. ಮೊದಲನೆಯದು ‘ಫೋಟೊ ಮೂಲ’, ಅದು ನಿಮ್ಮ ಮೇಜಿನ ಮೇಲಿರಲಿ. ಎರಡನೆಯದು ‘ಫೋಟೊ ಪ್ರತಿ’. ತಿಂಗಳಿಗೊಮ್ಮೆ ಮೊದಲನೆಯದರಲ್ಲಿ ಹೊಸದಾಗಿ ಸೇರಿದ್ದನ್ನು ಇದಕ್ಕೆ ಕಾಪಿ ಮಾಡಿ, ಕಳಚಿ, ಮಗನ ಮನೆಯಲ್ಲೋ ನಂಬಿಕೆಯ ನೆಂಟರಲ್ಲೋ ಇಡಿ. ಅವನು ನಿಮ್ಮ ಮನೆಯಲ್ಲೇ ಇದ್ದರೆ ಅವನು ಕೆಲಸ ಮಾಡುವ ಜಾಗದ ಬೀಗವಿರುವ ಕಪಾಟು ಆಗಬಹುದು. ಮೂರನೆಯ ಪ್ರತಿ ಕ್ಲೌಡಿನಲ್ಲಿ, ಅದರ ಲೆಕ್ಕ ಮುಂದೆ ಹೇಳುತ್ತೇನೆ.

ಪುಸ್ತಕದ ಅಧ್ಯಾಯಗಳ ಚಾಳಿ ಬೇರೆ. ಫೋಟೊ ಒಮ್ಮೆ ತೆಗೆದರೆ ಬದಲಾಗುವುದಿಲ್ಲ. ಅಧ್ಯಾಯ ದಿನಾ ಬದಲಾಗುತ್ತದೆ. ಅದಕ್ಕೆ ಹಳೆಯ ರೂಪಗಳನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳುವ ಬ್ಯಾಕಪ್ ಬೇಕು. ವಿಂಡೋಸ್ 8ರಿಂದ ಇರುವ ‘ಫೈಲ್ ಹಿಸ್ಟರಿ’ ಇದನ್ನು ಪುಕ್ಕಟೆಯಾಗಿ ಮಾಡುತ್ತದೆ. ವಿಂಡೋಸ್ 11ರಲ್ಲಿ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಡಗಿ ಕೂತಿದೆ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ವಿಂಡೋಸ್ ಬ್ಯಾಕಪ್’ ನಿಮ್ಮನ್ನು ಒನ್‌ಡ್ರೈವ್‌ಗೆ ಕರೆದೊಯ್ಯುತ್ತದೆ, ಅದು ಬೇರೆ. ಫೈಲ್ ಹಿಸ್ಟರಿಗೆ ‘ಫೋಟೊ ಮೂಲ’ ಡಿಸ್ಕನ್ನು ತೋರಿಸಿ ಚಾಲೂ ಮಾಡಿದರೆ, ಡಿಸ್ಕ್ ಸಿಕ್ಕಿಸಿದ್ದಾಗಲೆಲ್ಲ ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ಹೊಸ ಪ್ರತಿಯಾಗಿ ಇಡುತ್ತದೆ. ಆಗ ನಾಲ್ಕು ತಿಂಗಳ ಹಿಂದಿನ ಏಳನೇ ಅಧ್ಯಾಯ ಆ ತಾರೀಖಿನಲ್ಲೇ ಕಾಯುತ್ತಿರುತ್ತದೆ. ದಿನಾ ಸಂಜೆ ಬರೆಯುವ ಒಂದೆರಡು ಗಂಟೆ ಸಿಕ್ಕಿಸಿ, ಮುಗಿದ ಮೇಲೆ ಕಳಚಿದರೆ ಸಾಕು. ಒನ್‌ಡ್ರೈವ್ ಒಳಗಿರುವ ಫೋಲ್ಡರುಗಳು ಫೈಲ್ ಹಿಸ್ಟರಿಯ ಪಟ್ಟಿಯಲ್ಲಿ ನಿಜವಾಗಿ ಸೇರಿವೆಯೇ ಎಂದು ಮೊದಲ ವಾರವೇ ತೆರೆದು ನೋಡಿ, ಅಲ್ಲಿ ಆಗಾಗ ತಪ್ಪಿಹೋಗುತ್ತದೆ.

ಇದನ್ನು ಓದುವ ಮ್ಯಾಕ್ ಬಳಕೆದಾರರಿಗೆ ಕೆಲಸ ಸುಲಭ. 2007ರಿಂದ ಇರುವ ಟೈಮ್ ಮಷೀನ್‌ಗೆ ಒಂದು ಡಿಸ್ಕ್ ಕೊಟ್ಟರೆ ಕಳೆದ 24 ಗಂಟೆಗಳ ಗಂಟೆವಾರು, ಕಳೆದ ತಿಂಗಳ ದಿನವಾರು, ಅದಕ್ಕೂ ಹಿಂದಿನ ವಾರವಾರು ಪ್ರತಿಗಳನ್ನು ತಾನೇ ಇಟ್ಟುಕೊಂಡು, ಜಾಗ ತುಂಬಿದಾಗ ತೀರಾ ಹಳೆಯದನ್ನು ತೆಗೆಯುತ್ತದೆ. ಲಿನಕ್ಸ್‌ನವರಿಗೆ ಡೇಜಾ ಡ್ಯೂಪ್ ಎಂಬ ಬ್ಯಾಕಪ್ ಪ್ರೋಗ್ರಾಮ್ ಸಾಕು. ಟೈಮ್‌ಶಿಫ್ಟ್ ಒಂದನ್ನೇ ನಂಬಿದವರು ಗಮನಿಸಿ, ಅದು ಸಿಸ್ಟಮ್ಮನ್ನು ಕಾಯಲು ಹುಟ್ಟಿದ್ದು, ನಿಮ್ಮ ಹೋಮ್ ಫೋಲ್ಡರನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

‘ಮೂಲ’ ಡಿಸ್ಕಿನಿಂದ ‘ಪ್ರತಿ’ ಡಿಸ್ಕಿಗೆ ತಿಂಗಳ ಕಾಪಿ ಮಾಡುವಾಗ ಕೈಯಿಂದ ಎಳೆದು ಹಾಕುವುದಕ್ಕಿಂತ ಫ್ರೀಫೈಲ್‌ಸಿಂಕ್‌ನಂಥ ಉಚಿತ ಸಾಧನ ಲೇಸು. ಅದರಲ್ಲಿ ‘ಮಿರರ್’ ಮತ್ತು ‘ಅಪ್‌ಡೇಟ್’ ಎಂಬ ಎರಡು ವಿಧಾನಗಳು ಅಕ್ಕಪಕ್ಕ ಇರುತ್ತವೆ. ನೀವು ಅಪ್‌ಡೇಟ್ ಆರಿಸಿ. ಅದು ಹೊಸದನ್ನು, ಬದಲಾದದ್ದನ್ನು ಮಾತ್ರ ಆಚೆ ಹಾಕುತ್ತದೆ, ಏನನ್ನೂ ಅಳಿಸುವುದಿಲ್ಲ. ಮಿರರ್ ಎಂದರೆ ಕನ್ನಡಿ: ಮೂಲದಲ್ಲಿ ಇಲ್ಲದ್ದು ಪ್ರತಿಯಲ್ಲೂ ಇರಕೂಡದು. ಎಡಕ್ಕೆ ಹೊಸ ಖಾಲಿ ಡಿಸ್ಕು, ಬಲಕ್ಕೆ ತುಂಬಿದ ಡಿಸ್ಕು ಎಂದು ಅದಲುಬದಲಾಗಿ ಕೊಟ್ಟು ಮಿರರ್ ಒತ್ತಿದರೆ ಅದು ನೀವು ಹೇಳಿದಂತೆಯೇ ಮಾಡುತ್ತದೆ, ಎರಡನ್ನೂ ಖಾಲಿ ಮಾಡಿಕೊಡುತ್ತದೆ. ವಿಂಡೋಸ್‌ನಲ್ಲಿಯೇ ಇರುವ ರೋಬೊಕಾಪಿಯ ಮಿರರ್ ಆಯ್ಕೆಯೂ ಇಷ್ಟೇ ನಿರ್ದಯಿ, ಎಚ್ಚರಿಕೆಯ ಒಂದು ಮಾತೂ ಆಡುವುದಿಲ್ಲ. ಫ್ರೀಫೈಲ್‌ಸಿಂಕ್‌ನಲ್ಲಿ ಮೊದಲು ಕಂಪೇರ್ ಒತ್ತಿ, ಏನೇನು ಆಗಲಿದೆ ಎಂಬ ಪಟ್ಟಿ ನೋಡಿ, ಆಮೇಲೆ ಮುಂದಿನ ಬಟನ್.

ಈಗ ನನ್ನದೇ ಪೆದ್ದತನದ ಕತೆ. ಊರಿಗೆಲ್ಲ ಬುದ್ಧಿ ಹೇಳುವ ನಾನು ಒಮ್ಮೆ ಡಾಕ್ಯುಮೆಂಟ್ಸ್‌ನಲ್ಲಿದ್ದ ‘ಲೇಖನಗಳು’ ಫೋಲ್ಡರನ್ನು ಅಂದವಾಗಿ ಜೋಡಿಸುವ ಹುಮ್ಮಸ್ಸಿನಲ್ಲಿ ಡಿ ಡ್ರೈವ್‌ಗೆ ಸಾಗಿಸಿದೆ. ಬ್ಯಾಕಪ್ ಸಾಫ್ಟ್‌ವೇರಿಗೆ ತಿಳಿಸಲು ಮರೆತೆ. ಅದು ಪಾಪ, ಹೇಳಿದ ಕೆಲಸ ಬಿಡದೆ ಪ್ರತಿ ರಾತ್ರಿ ಸಿ ಡ್ರೈವಿನ ಹಳೆಯ ಜಾಗಕ್ಕೆ ಹೋಗಿ, ಬದಲಾದದ್ದೇನೂ ಇಲ್ಲವೆಂದು ಹಸಿರು ಟಿಕ್ ಹಾಕಿ ಬರುತ್ತಿತ್ತು. ಹನ್ನೊಂದು ತಿಂಗಳು ಆ ಹಸಿರು ಟಿಕ್ ನೋಡಿ ನೆಮ್ಮದಿಯಾಗಿ ಮಲಗಿದೆ. ಒಂದು ಬೆಳಗ್ಗೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಗಳಿಲ್ಲದ ಡಿಸ್ಕು, ಸತ್ತುಹೋಯಿತು. ಅವು ಹಾರ್ಡ್ ಡಿಸ್ಕಿನ ಹಾಗೆ ಟಿಕ್ ಟಿಕ್ ಎಂದು ಮುನ್ಸೂಚನೆ ಕೊಡುವುದಿಲ್ಲ, ನಿನ್ನೆ ಇತ್ತು, ಇವತ್ತು ಇಲ್ಲ, ಅಷ್ಟೇ. ಹೊಸದನ್ನು ಹಾಕಿ ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತಂದೆ. ಲೇಖನಗಳೂ ಬಂದವು, ಹನ್ನೊಂದು ತಿಂಗಳ ಹಿಂದಿನವು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಅಳಿಸಿದರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಿದ್ದವು. ತೆರೆದು ನೋಡಿದರೆ ಯಾವುದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿದ್ದು ಅವರ ಪುಣ್ಯ. ಅವರು ಇದನ್ನೆಲ್ಲ ಮುಚ್ಚಿಡದೆ ತಾವೇ ಬರೆದು ಪ್ರಕಟಿಸಿದರು, ಅದಕ್ಕೆ ಅವರನ್ನು ಮೆಚ್ಚಬೇಕು.

ಹಾಗಾಗಿ ಮೂರು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ಶಿಕ್ಷಕಿಯಾದ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ. ‘ಮೂಲ’, ‘ಪ್ರತಿ’ ಎರಡೂ ಡಿಸ್ಕುಗಳನ್ನು ಒಂದೊಂದಾಗಿ ನಿಮ್ಮದಲ್ಲದ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಹಳೆಯ ವರ್ಷದ ಒಂದು ಫೋಟೊ, ನಡುವಿನ ಒಂದು ವಿಡಿಯೊ, ‘ಮೂಲ’ ಡಿಸ್ಕಿನಲ್ಲಾದರೆ ಕಳೆದ ವಾರದ ಒಂದು ಅಧ್ಯಾಯವನ್ನೂ ತೆರೆಯಿರಿ. ಹೆಸರು ಕಂಡರೆ ಸಾಲದು, ಚಿಕ್ಕ ಚಿತ್ರ ಕಂಡರೂ ಸಾಲದು, ಫೈಲು ಪೂರ್ತಿ ತೆರೆಯಬೇಕು, ವಿಡಿಯೊ ಕೊನೆಯವರೆಗೆ ಓಡಬೇಕು. ಕಳೆದ ವಾರದ ಅಧ್ಯಾಯ ಇಲ್ಲವೆಂದರೆ ಬ್ಯಾಕಪ್ ಯಾವಾಗ ನಿಂತಿತು ಎಂದು ಅಲ್ಲಿಯೇ ಗೊತ್ತಾಗುತ್ತದೆ. ಜೊತೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಇದ್ದರೆ ಸರಿ. ಹಳದಿ ಬಂದರೆ ಇನ್ನೂ ಓಡುತ್ತಿದೆಯಲ್ಲ ಎಂದು ತಳ್ಳಿಹಾಕದೆ ಬದಲಿಸಿ.

ಪೆನ್ ಡ್ರೈವ್ ಬೇಡ. ಫೈಲು ಒಯ್ಯಲು ಅದು ಸರಿ, ಕಾಯ್ದಿಡಲು ಅಲ್ಲ. ಕಳೆದುಹೋಗುವುದು ಸುಲಭ, ಅಗ್ಗದವುಗಳಲ್ಲಿ ಸುಳ್ಳು ಅಳತೆಯವೂ ಇರುತ್ತವೆ: 512 ಜಿಬಿ ಎಂದು ತೋರಿಸಿಕೊಂಡು ಒಳಗೆ 32 ಜಿಬಿ ಮಾತ್ರ. ತುಂಬಿದ ಮೇಲೂ ಕಾಪಿ ಆಯಿತೆಂದೇ ಹೇಳುತ್ತಾ ಬಂದದ್ದನ್ನೆಲ್ಲ ಎಸೆಯುತ್ತಿರುತ್ತವೆ. ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ದಿನಬಳಕೆಗೆ ಚೆನ್ನ, ಬಿದ್ದರೂ ಬದುಕುತ್ತದೆ. ಆದರೆ ಅದರಲ್ಲೂ, ಪೆನ್ ಡ್ರೈವ್‌ನಲ್ಲೂ ಮಾಹಿತಿ ಕೂತಿರುವುದು ವಿದ್ಯುತ್ ಚಾರ್ಜಿನ ರೂಪದಲ್ಲಿ, ವಿದ್ಯುತ್ ಕೊಡದೆ ಇಟ್ಟರೆ ಅದು ನಿಧಾನಕ್ಕೆ ಸೋರುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿಡುವ ಪ್ರತಿಗೆ ಸಾಂಪ್ರದಾಯಿಕ ಹಾರ್ಡ್ ಡಿಸ್ಕೇ ವಾಸಿ. ಸಿಡಿ, ಡಿವಿಡಿಗಳಲ್ಲಿ ಹಳೆಯದೇನಾದರೂ ಇದ್ದರೆ ಈ ತಿಂಗಳೇ ಡಿಸ್ಕಿಗೆ ಇಳಿಸಿ, ಅದರ ಬಣ್ಣದ ಪದರಕ್ಕೆ ವಯಸ್ಸಾಗುತ್ತದೆ.

ಕ್ಲೌಡಿನ ಲೆಕ್ಕ ಹೇಳುತ್ತೇನೆಂದಿದ್ದೆ. ಇಂಟರ್‌ನೆಟ್ ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ವೇಗ ಇಳಿಸುವುದರದ್ದು, ಏರಿಸುವುದು ಎಷ್ಟೋ ಕಡೆ ಅದಕ್ಕಿಂತ ಬಹಳ ನಿಧಾನ. ಏರಿಸುವ ವೇಗ 10 ಎಂಬಿಪಿಎಸ್ ಇದ್ದರೆ ನಿಮ್ಮ 400 ಜಿಬಿ ಏರಲು ಸುಮಾರು 89 ಗಂಟೆ, ಅಂದರೆ ಹಗಲೂ ರಾತ್ರಿ ಬಿಡದೆ ನಾಲ್ಕು ದಿನಕ್ಕೆ ಹತ್ತಿರ. ಉಚಿತ ಜಾಗವೂ ಕಡಿಮೆ: ಒನ್‌ಡ್ರೈವ್ ಮತ್ತು ಐಕ್ಲೌಡ್‌ನಲ್ಲಿ 5 ಜಿಬಿ, ಗೂಗಲ್‌ನಲ್ಲಿ ಜಿಮೇಲ್, ಫೋಟೊ ಎಲ್ಲ ಸೇರಿ 15 ಜಿಬಿ. ನನ್ನ ಸಲಹೆ, ಎಲ್ಲವನ್ನೂ ಏರಿಸಲು ಹೋಗಬೇಡಿ. 400 ಜಿಬಿಯಲ್ಲಿ ಬಹುಪಾಲು ವಿಡಿಯೊ ಇರುತ್ತದೆ, ಒಂದೇ ದೃಶ್ಯದ ಹದಿನೈದು ಫೋಟೊ ಇರುತ್ತವೆ. ಮನೆಗೆ ಬೆಂಕಿ ಬಿದ್ದರೆ ಯಾವ ಆಲ್ಬಮ್ ಹಿಡಿದು ಓಡುತ್ತೀರೋ ಅಷ್ಟನ್ನು ಆರಿಸಿ ಏರಿಸಿ. ಉಳಿದದ್ದಕ್ಕೆ ಮಗನ ಮನೆಯ ಡಿಸ್ಕ್ ಇದೆ.

ಕ್ಲೌಡ್ ಎಂಬ ಹೆಸರು ಕೇಳಿ ಅದು ಆಕಾಶದಲ್ಲಿದೆ ಎಂದು ಭಾವಿಸುವುದೂ ಬೇಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟು ಬೂದಿಯಾಯಿತು, ಬೇರೆಡೆ ಪ್ರತಿ ಇಡದಿದ್ದವರ ಜಾಲತಾಣಗಳು ಅದರೊಂದಿಗೇ ಹೋದವು. ಜನ 2003ರಿಂದ 2015ರವರೆಗೆ ಏರಿಸಿದ್ದ ಹಾಡುಗಳನ್ನು ಸರ್ವರ್ ಬದಲಿಸುವಾಗ ಕಳೆದುಕೊಂಡ ಸುದ್ದಿ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಿಂದ 2019ರಲ್ಲಿ ಬಂತು. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರಿನಿಂದ ಆ ನಿಯಮ ಜಾರಿಯಲ್ಲಿದೆ. ಹಳೆಯ ಇಮೇಲ್ ವಿಳಾಸಕ್ಕೆ ಏನಾದರೂ ಹಾಕಿ ಮರೆತಿದ್ದರೆ ಒಮ್ಮೆ ಲಾಗಿನ್ ಆಗಿ ನೋಡಿ.

ಬ್ಯಾಕಪ್ ಎಂದಾಗ ಡಾಕ್ಯುಮೆಂಟು, ಫೋಟೊ ಎಲ್ಲರಿಗೂ ನೆನಪಾಗುತ್ತವೆ. ಡೆಸ್ಕ್‌ಟಾಪ್ ಮೇಲೆ ‘ಆಮೇಲೆ ನೋಡೋಣ’ ಎಂದು ಹರಡಿದ್ದು, ಡೌನ್‌ಲೋಡ್ಸ್‌ನಲ್ಲಿ ಕೂತ ಪ್ರಮಾಣಪತ್ರಗಳು, ಬ್ರೌಸರಿನ ಬುಕ್‌ಮಾರ್ಕ್‌ಗಳು, ಫೋನಿನ ಸಂಪರ್ಕಗಳು, ವಾಟ್ಸ್‌ಆ್ಯಪ್‌ನಲ್ಲೇ ಉಳಿದ ಧ್ವನಿ ಸಂದೇಶಗಳು ತಪ್ಪಿಹೋಗುತ್ತವೆ. ತೀರಿಕೊಂಡವರ ದನಿ ಇರುವುದು ಎಷ್ಟೋ ಸಲ ಆ ಕೊನೆಯದರಲ್ಲಿ ಮಾತ್ರ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ನಿಮ್ಮಲ್ಲಿದ್ದರೆ ಆ ಫಾಂಟ್ ಫೈಲನ್ನೂ ಅದರ ಪಕ್ಕದಲ್ಲೇ ಇಡಿ, ಒಂದು ಪಿಡಿಎಫ್ ಕೂಡ ಮಾಡಿಡಿ. ಫಾಂಟ್ ಇಲ್ಲದಿದ್ದರೆ ಬರಹ ಭದ್ರವಾಗಿದ್ದೂ ಓದಲಾಗದ ಗೀಚು.

ಉಳಿದದ್ದು ಪಾಸ್‌ವರ್ಡ್. ಮನೆಯಿಂದ ಹೊರಗೆ ಹೋಗುವ ಡಿಸ್ಕಿನಲ್ಲಿ ಬ್ಯಾಂಕಿನ, ಆಸ್ತಿಯ ಸ್ಕ್ಯಾನ್‌ಗಳಿದ್ದರೆ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬೀಗ ಹಾಕಿ. ವಿಂಡೋಸ್ ಪ್ರೊ ಇದ್ದರೆ ಅದರಲ್ಲೇ ಇರುವ ಬಿಟ್‌ಲಾಕರ್ ಸಾಕು. ಹೋಮ್ ಆವೃತ್ತಿ ಬಿಟ್‌ಲಾಕರ್ ಹಾಕಿದ ಡಿಸ್ಕನ್ನು ತೆರೆಯಬಲ್ಲದು, ಹೊಸದಾಗಿ ಹಾಕಲಾರದು. ಅಲ್ಲಿ ವೆರಾಕ್ರಿಪ್ಟ್ ಎಂಬ ಪ್ರೋಗ್ರಾಮ್ ಬಳಸಿ. ಬರೀ ಫೋಟೊಗಳಿರುವ ಡಿಸ್ಕಿಗೆ ನಾನಾಗಿದ್ದರೆ ಹಾಕುವುದಿಲ್ಲ. ಕಳ್ಳನಿಂದ ಹೋದ ಕುಟುಂಬದ ಫೋಟೊಗಳಿಗಿಂತ ಮರೆತ ಪಾಸ್‌ವರ್ಡಿನಿಂದ ಹೋದವನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಿಮಗೆ ಗೊತ್ತಿಲ್ಲದೆಯೇ ಒಂದು ಬೀಗ ಈಗಾಗಲೇ ಬಿದ್ದಿರಬಹುದು, ಅದನ್ನು ಇವತ್ತೇ ನೋಡಿ. ಮೈಕ್ರೊಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಎಷ್ಟೋ ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳು ಕೇಳದೆಯೇ ಒಳಗಿನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಕೊಂಡಿರುತ್ತವೆ. ಮದರ್‌ಬೋರ್ಡ್ ಕೆಟ್ಟು ಡಿಸ್ಕನ್ನು ಬೇರೆಡೆ ಹಾಕಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಯಾವ ಪ್ರಯೋಗಾಲಯವೂ ಏನೂ ಮಾಡಲಾರದು. ಆ ಕೀ ನಿಮ್ಮ ಮೈಕ್ರೊಸಾಫ್ಟ್ ಖಾತೆಯ ಪುಟದಲ್ಲಿ ಇರುತ್ತದೆ. ತೆರೆದು, ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಕಾಗದದಲ್ಲಿ ಕ್ಲೌಡ್ ಖಾತೆಯ ಬ್ಯಾಕಪ್ ಕೋಡ್‌ಗಳನ್ನೂ ಬರೆಯಿರಿ. ಫೋನ್ ಕಳೆದ ದಿನ ಒಟಿಪಿ ಬರುವುದೂ ಆ ಫೋನಿಗೇ, ಆಗ ಒಳಗೆ ಬಿಡುವುದು ಈ ಕೋಡ್‌ಗಳು. ಕಾಗದವನ್ನು ಮನೆಯ ಮುಖ್ಯ ಪತ್ರಗಳ ಜೊತೆ ಇಟ್ಟು, ಎಲ್ಲಿದೆ ಎಂದು ಮಗನಿಗೆ ತೋರಿಸಿ. ಅದರ ಫೋಟೊ ತೆಗೆದು ಅದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡಬೇಡಿ.